ಸೋಗಾನೆಯಿಂದ ಜಗಳೂರಿಗೆ

ನಮ್ಮಕ್ಕನನ್ನು ಕೊಟ್ಟಿರುವುದು ಜಗಳೂರಿಗೆ. ನಾನಿರುವುದು ಹೊನ್ನಾಳಿಯಲ್ಲಿ. ಅಕ್ಕನ ಮಗನಿಗೆ ಹೈದರಾಬಾದಿನಲ್ಲಿ ಕೆಲಸ. ಶಿವಮೊಗ್ಗದ ಸೋಗಾನೆಯಲ್ಲಿ ಕುವೆಂಪು ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಅದೇ ವರ್ಷದ ನವೆಂಬರಿನಲ್ಲಿ ಹೈದರಾಬಾದಿಗೂ ವಿಮಾನ ಶುರುವಾಯಿತೆಂದು ತಿಳಿದ ಕೂಡಲೇ ಅಕ್ಕ ಫೋನು ಮಾಡಿದಳು. “ಒಂದೂವರೆ ತಾಸಂತಲ್ಲೋ ತಮ್ಮ! ಬೆಳಗ್ಗೆ ಬಿಟ್ರೆ ಮಧ್ಯಾಹ್ನದ ಊಟಕ್ಕೆ ಮನ್ಯಾಗಿರ್ತಾನೇನು?”

ನೇರ ಗೆರೆ ಎಳೆದರೆ ಸೋಗಾನೆಗೂ ಹೈದರಾಬಾದಿನ ಶಂಷಾಬಾದ್ ನಿಲ್ದಾಣಕ್ಕೂ ಹೆಚ್ಚೂಕಡಿಮೆ 480 ಕಿಲೋಮೀಟರ್. ಬೆಂಗಳೂರಿನ ದೇವನಹಳ್ಳಿ ನಿಲ್ದಾಣ ಇದರ ಅರ್ಧ ದೂರ. ಗಂಟೆಗೆ ಸುಮಾರು 500 ಕಿಲೋಮೀಟರ್ ಹಾರುವ ಎಟಿಆರ್ ವಿಮಾನಕ್ಕೆ ದೇವನಹಳ್ಳಿ ಅರ್ಧ ಗಂಟೆಯ ದಾರಿಯಾಗಬೇಕು. ಆದರೂ ವೇಳಾಪಟ್ಟಿಯಲ್ಲಿ ಒಂದು ಗಂಟೆಗೂ ಮೇಲೆ ಹಿಡಿದಿರುತ್ತಾರೆ. ನಿಂತ ಜಾಗದಿಂದ ವಿಮಾನ ಕದಲಿದ್ದೇ ಲೆಕ್ಕ ಶುರು. ರನ್‌ವೇವರೆಗೆ ಉರುಳುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು, ಇಳಿದು ಮತ್ತೆ ಉರುಳಿ ನಿಲ್ಲುವುದು, ಎಲ್ಲವೂ ಅದರೊಳಗೇ. ಹತ್ತಿರದ ಊರಾದಷ್ಟೂ ಈ ಏರಿಳಿತವೇ ಹೆಚ್ಚು ಹೊತ್ತು ತಿನ್ನುತ್ತದೆ. ಹಾಗಾಗಿ ನಿಮ್ಹಾನ್ಸ್ ಆಸ್ಪತ್ರೆಗೆ ಹೊರಟ ಚನ್ನಗಿರಿಯವರಿಗೆ ಬೆಂಗಳೂರಿನ ವಿಮಾನದಿಂದ ಉಳಿಯುವ ಸಮಯ ಅಷ್ಟರಲ್ಲೇ ಇದೆ. ದೇವನಹಳ್ಳಿಯಲ್ಲಿ ಇಳಿದು ಇಡೀ ನಗರ ದಾಟಬೇಕು. ಹೈದರಾಬಾದಿನದು ಹಾಗಲ್ಲ. ರಾತ್ರಿಯಿಡೀ ಬಸ್ಸಿನಲ್ಲಿ ಮೈ ಕೈ ನೋಯಿಸಿಕೊಳ್ಳುವುದು ತಪ್ಪುತ್ತದೆ.

ತಪ್ಪುವುದು ಯಾರಿಗೆ ಅನ್ನುವುದೇ ಪ್ರಶ್ನೆ. ನ್ಯಾಮತಿಯವರಿಗೆ ಸೋಗಾನೆ ನೆರೆಮನೆ. ಚನ್ನಗಿರಿಯವರು ಭದ್ರಾವತಿ ಮೇಲೆ ಬಂದರೆ ಶಿವಮೊಗ್ಗ ಪೇಟೆಯೊಳಗೆ ಹೋಗುವ ಪ್ರಮೇಯವೇ ಇಲ್ಲ. ನಾವು ಹೊನ್ನಾಳಿಯವರು ಶಿವಮೊಗ್ಗ ಹಾದು ಹೋಗಬೇಕು, ಅದೂ ದೊಡ್ಡ ಮಾತಲ್ಲ. ಜಗಳೂರು ಇದೇ ದಾವಣಗೆರೆ ಜಿಲ್ಲೆಯದಾದರೂ ಇನ್ನೊಂದು ತುದಿ. ಅಳಿಯ ಸೋಗಾನೆಯಲ್ಲಿ ಇಳಿದು ಶಿವಮೊಗ್ಗಕ್ಕೆ ಬಂದು, ದಾವಣಗೆರೆ ಬಸ್ಸು ಹಿಡಿದು, ಅಲ್ಲಿನ ಬಸ್‌ಸ್ಟ್ಯಾಂಡಿನಲ್ಲಿ ತೊಡೆಯ ಮೇಲೆ ಬ್ಯಾಗಿಟ್ಟುಕೊಂಡು ಜಗಳೂರು ಬಸ್ಸಿಗೆ ಕಾದ. ಬಿಳಿಚೋಡು ದಾಟುವಾಗ ಕತ್ತಲಾಗಿತ್ತು. ಅಕ್ಕ ಮಾಡಿಟ್ಟಿದ್ದ ಊಟ ರಾತ್ರಿಗೆ ಆಯಿತು. ಹೊಸಪೇಟೆಯಾಚೆ ತೋರಣಗಲ್ಲಿನ ವಿದ್ಯಾನಗರ ನಿಲ್ದಾಣವೇ ಜಗಳೂರಿಗೆ ಹತ್ತಿರವೆಂದು ಆಮೇಲೆ ಅವನೇ ನಕ್ಷೆ ನೋಡಿ ತೋರಿಸಿದ.

ಹಾಗೆಂದು ಹೈದರಾಬಾದಿನ ವಿಮಾನ ಯಾರಿಗೂ ಒದಗದು ಎಂದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರು ಹುಟ್ಟಿದರೆಂದು ನಂಬುವ ನೆಲ. ಪ್ರತಿ ಫೆಬ್ರವರಿಯ ಜಯಂತಿಗೆ ತೆಲಂಗಾಣದಿಂದ, ಮಹಾರಾಷ್ಟ್ರದಿಂದ ಬಂಜಾರರು ಬರುತ್ತಾರೆ. ಮಾಲೆ ಧರಿಸಿ ನಡೆದೇ ಬರುವವರೂ ಇದ್ದಾರೆ. ಅವರ ಮನೆಯ ಹಿರಿಯರು, ಬಸ್ಸಿನ ಕುಲುಕಾಟ ತಾಳಲಾರದವರು, ಶಂಷಾಬಾದಿನಲ್ಲಿ ಹತ್ತಿ ಅದೇ ದಿನ ಕೊಪ್ಪದಲ್ಲಿ ಕೈಮುಗಿಯಬಹುದು ಎಂದು ನೆನೆದರೆ ನನಗೆ ನಿಜಕ್ಕೂ ಖುಷಿಯಾಗುತ್ತದೆ.

ದಾವಣಗೆರೆಗೇ ಒಂದು ವಿಮಾನ ನಿಲ್ದಾಣ ಬೇಕೆಂಬ ಕೂಗು ಹಳೆಯದು. ಆಗಲಿ. ಅದಕ್ಕೂ ಮೊದಲು ನನ್ನ ಬೇಡಿಕೆ ಒಂದು ಬಸ್ಸು. ಬೆಂಗಳೂರು ನಿಲ್ದಾಣದಿಂದ ಮೈಸೂರಿಗೆ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಓಡುವಂತೆ, ಸೋಗಾನೆಯಿಂದ ಹೊನ್ನಾಳಿ, ದಾವಣಗೆರೆ ಮೇಲೆ ಜಗಳೂರಿಗೆ ಒಂದು ಓಡಲಿ. ವಿಮಾನ ತಡವಾದರೆ ಅದೂ ತಡವಾಗಿಯೇ ಹೊರಡಲಿ.