ಲೆಕ್ಕಕ್ಕೆ ಬಾರದ ಆರು ತಿಂಗಳು

2025ರ ಮಾರ್ಚ್, ರಮಝಾನಿನ ಒಂದು ರಾತ್ರಿ. ತರಾವೀಹ್ ಮುಗಿಸಿ ಬಂದು ಚಹಾಕ್ಕೆ ಕುಳಿತಿದ್ದಾಗ ಆಪಾಳ ಮಗಳು ಜರ್ಮನಿಯಿಂದ ತನ್ನ ಅಂಕಪಟ್ಟಿಯ ಫೋಟೊ ಕಳಿಸಿದಳು. ಅಮ್ಮಿಯ ಮಂಚದ ಸುತ್ತ ಸೇರಿ ನಾವೆಲ್ಲ ಫೋನನ್ನು ಕೈಯಿಂದ ಕೈಗೆ ದಾಟಿಸಿದೆವು. ಒಂದು ವಿಷಯಕ್ಕೆ 1.3, ಇನ್ನೊಂದಕ್ಕೆ 1.7, ಮತ್ತೊಂದಕ್ಕೆ 2.0. ಸ್ವಲ್ಪ ಹೊತ್ತು ಯಾರೂ ಮಾತೆತ್ತಲಿಲ್ಲ. ಇಲ್ಲಿ ಎಂಬತ್ತಕ್ಕಿಂತ ಕಡಿಮೆ ಅಂಕ ತೆಗೆದವಳೇ ಅಲ್ಲ ಈ ಹುಡುಗಿ. ಭಾವ ಕ್ಯಾಲ್ಕುಲೇಟರ್ ತೆಗೆದು, ಹತ್ತಕ್ಕೆ 1.3 ಎಂದರೆ ಶೇಕಡಾ ಹದಿಮೂರು ಎಂದು ಲೆಕ್ಕ ಹಾಕಿ ತಲೆಯ ಮೇಲೆ ಕೈಹೊತ್ತರು. ಕಡೆಗೆ ಅಮ್ಮಿಯೇ, "ಹೋಗಲಿ ಬಿಡ್ರಿ, ಆ ಚಳಿಯಲ್ಲಿ ಯಾರಿಗೆ ಓದೋಕಾಗುತ್ತೆ. ಮಗೂನ ಯಾರೂ ಬೈಬೇಡಿ" ಎಂದರು.

ಫೋನಿನಲ್ಲಿ ಅವಳು ನಕ್ಕಿದ್ದೇ ನಕ್ಕಿದ್ದು. ಜರ್ಮನಿಯಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಹೇಗೋ ಪಾಸು, 5.0 ಎಂದರೆ ನಪಾಸು. ಅಂಕ ಇಳಿದಷ್ಟೂ ಹುಡುಗರು ಮೇಲೆ. ಅಮ್ಮಿ ಎದ್ದು ವುಝೂ ಮಾಡಿ ಎರಡು ರಕಾತ್ ಶುಕ್ರಾನಾ ನಮಾಝ್ ಮಾಡಿದರು. ಅಳತೆಗೋಲು ಬೇರೆಯಾದರೆ ಒಳ್ಳೆಯದೂ ಕೆಟ್ಟದ್ದಾಗಿ ಕಾಣುತ್ತದೆ ಎಂಬುದನ್ನು ಅಂದು ನಾವು ನಗುತ್ತಾ ಕಲಿತೆವು. ಅದೇ ಪಾಠ ಇನ್ನೊಮ್ಮೆ ಬಂದಾಗ ನಗಲು ಆಗಲಿಲ್ಲ.

ಹುಡುಗಿ ನಮ್ಮ ರಾಜ್ಯದ ಒಂದು ಕಾಲೇಜಿನಲ್ಲಿ ಎಂ.ಎ. ಅರ್ಥಶಾಸ್ತ್ರ ಓದುತ್ತಿದ್ದಳು. ವಿದ್ಯಾರ್ಥಿ ವಿನಿಮಯದ ಒಪ್ಪಂದದಡಿ ಒಂದು ಸೆಮಿಸ್ಟರ್ ಓದಲು ಜರ್ಮನಿಯ ಟ್ಯೂಬಿಂಗೆನ್ ವಿಶ್ವವಿದ್ಯಾಲಯಕ್ಕೆ ಆಯ್ಕೆಯಾದಳು. ವಿನಿಮಯ ಎಂದರೆ ಅಲ್ಲಿಂದ ಒಬ್ಬರು ಇಲ್ಲಿಗೆ, ಇಲ್ಲಿಂದ ಒಬ್ಬರು ಅಲ್ಲಿಗೆ. ಫೀಸನ್ನು ಅವರವರ ಕಾಲೇಜಿಗೇ ಕಟ್ಟುವುದು. ಟ್ಯೂಬಿಂಗೆನ್ ಇರುವ ರಾಜ್ಯದಲ್ಲಿ ಐರೋಪ್ಯ ಒಕ್ಕೂಟದ ಹೊರಗಿನ ವಿದ್ಯಾರ್ಥಿಗಳಿಗೆ 2017ರಿಂದ ಸೆಮಿಸ್ಟರ್‌ಗೆ 1,500 ಯೂರೋ ಶುಲ್ಕವಿದೆ. ವಿನಿಮಯದಲ್ಲಿ ಹೋದವರಿಗೆ ಅದೂ ಇಲ್ಲ. ನಮಗೆ ಅರ್ಧ ಲೋಕ ಗೆದ್ದಂತಾಯಿತು.

ಉಳಿದರ್ಧ ಲೋಕದ ಬೆಲೆ ತಿಳಿದದ್ದು ವೀಸಾ ಹೊತ್ತಿಗೆ. ಅಲ್ಲಿರುವಷ್ಟು ದಿನದ ಖರ್ಚನ್ನು ಮೊದಲೇ ಒಂದು ಖಾತೆಗೆ ಕಟ್ಟಿ ತೋರಿಸಬೇಕು. 2024ರ ಸೆಪ್ಟೆಂಬರ್‌ನಿಂದ ಆ ಮೊತ್ತ ತಿಂಗಳಿಗೆ 934ರಿಂದ 992 ಯೂರೋಗೆ ಏರಿತು. ನಮ್ಮ ಸರದಿ ಬಂದದ್ದು ಏರಿದ ಮೇಲೆ. ಆರು ತಿಂಗಳಿಗೆ 5,952 ಯೂರೋ, ನಮ್ಮ ದುಡ್ಡಿನಲ್ಲಿ ಸುಮಾರು ಐದೂವರೆ ಲಕ್ಷ. ಅದನ್ನು ಒಮ್ಮೆಗೇ ಮುಟ್ಟುವಂತೆಯೂ ಇಲ್ಲ, ತಿಂಗಳಿಗೆ ಇಷ್ಟು ಎಂದು ಬಿಡುತ್ತಾರೆ. "ಉಗ್ರಾಣದ ಬೀಗದಕೈ ಸೊಸೆಗೆ ಕೊಡದ ಅತ್ತೆ ಇದ್ದ ಹಾಗಾಯ್ತು" ಎಂದರು ಅಮ್ಮಿ. ಹೆಣ್ಣುಮಗು, ಒಬ್ಬಳೇ, ಅಷ್ಟು ದೂರ ಎಂದು ಬಂಧುಗಳು ಮಾತಾಡಿದರು. ಅಮ್ಮಿ ಯಾರಿಗೂ ಉತ್ತರ ಕೊಡಲಿಲ್ಲ. ಪೆಟ್ಟಿಗೆಯಿಂದ ನಾಲ್ಕು ಬಳೆ ತೆಗೆದು ಮಂಚದ ಮೇಲಿಟ್ಟರು. "ಇವಳ ಮದುವೆಗೆ ಅಂತ ಇಟ್ಟಿದ್ದೆ. ಓದಿಗೇ ಹೋಗಲಿ." ಉಳಿದದ್ದನ್ನು ನಾವು ಒಡಹುಟ್ಟಿದವರು ಕೂಡಿಸಿದೆವು. ಅದರಲ್ಲಿ ಅಮ್ಮಿ ನಡೆಸುವ ಚೀಟಿಯ ಒಂದು ಕಂತೂ ಇತ್ತು.

ಟ್ಯೂಬಿಂಗೆನ್ ಸ್ಟುಟ್‌ಗಾರ್ಟಿನ ದಕ್ಷಿಣಕ್ಕೆ, ನೆಕಾರ್ ನದಿಯ ದಂಡೆಯಲ್ಲಿರುವ ಸಣ್ಣ ಊರು. ವಿಶ್ವವಿದ್ಯಾಲಯ 1477ರದು. ಕನ್ನಡಿಗರಿಗೆ ಆ ಊರು ಹೊಸದೇನಲ್ಲ. 1843ರಲ್ಲಿ ಮಂಗಳೂರಿನಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಡಿಸಿದ ಹರ್ಮನ್ ಮೊಗ್ಲಿಂಗ್ ಓದಿದ್ದು ಅಲ್ಲಿ. 1894ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟನ್ನು ಕೊಟ್ಟ ಫರ್ಡಿನಾಂಡ್ ಕಿಟ್ಟೆಲ್ 1903ರಲ್ಲಿ ತೀರಿಕೊಂಡದ್ದೂ ಅಲ್ಲೇ. ಹೊರಡುವ ಮುನ್ನ ಇದನ್ನೆಲ್ಲ ಹೇಳಿದಾಗ ಹುಡುಗಿ, "ಹಾಗಾದ್ರೆ ನಮ್ಮೂರೇ ಅಲ್ವಾ ಮಾಮು" ಎಂದು ಚಟ್ನಿಪುಡಿಯ ಡಬ್ಬಿಯನ್ನು ಸೂಟ್‌ಕೇಸಿಗೆ ತುರುಕಿದಳು.

ಅಕ್ಟೋಬರ್‌ನಲ್ಲಿ ತರಗತಿ ಶುರುವಾಯಿತು. ಮೊದಲ ದಿನ ಹತ್ತು ಗಂಟೆಯ ಪಾಠಕ್ಕೆ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಹೋದರೆ ಕೋಣೆಯಲ್ಲಿ ನರಪಿಳ್ಳೆಯಿಲ್ಲ. ವೇಳಾಪಟ್ಟಿಯಲ್ಲಿ ಹತ್ತರ ಮುಂದೆ 'ಸಿ.ಟಿ.' ಎಂಬ ಎರಡಕ್ಷರ ಇದ್ದರೆ ಪಾಠ ಶುರುವಾಗುವುದು ಹತ್ತೂಕಾಲಿಗೆ ಎಂದು ಆಮೇಲೆ ತಿಳಿಯಿತು. ಪಾಠ ಮುಗಿದಾಗ ಹುಡುಗರೆಲ್ಲ ಬೆರಳಗಂಟಿನಿಂದ ಮೇಜನ್ನು ಕುಟ್ಟತೊಡಗಿದರು. ಇದೇನು ಗಲಾಟೆ, ಪ್ರೊಫೆಸರ್ ಮೇಲೆ ಸಿಟ್ಟಾದರೇ ಎಂದು ಇವಳಿಗೆ ಗಾಬರಿ. ಅದು ಅಲ್ಲಿನ ಚಪ್ಪಾಳೆ.

ನಮಗೂ ಒಂದು ಗಾಬರಿ ಕಾದಿತ್ತು. ಅವಳು ದಿನಾ ಅಲ್ಲಿನ ಸಂಜೆ ಆರಕ್ಕೆ, ಇಲ್ಲಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡುತ್ತಿದ್ದಳು. ಅಕ್ಟೋಬರ್ ಕೊನೆಯ ಭಾನುವಾರ ಒಂಬತ್ತೂವರೆಯಾಯಿತು, ಹತ್ತಾಯಿತು, ಫೋನಿಲ್ಲ. ಅಮ್ಮಿ ತಸ್ಬೀಹ್ ಹಿಡಿದು ಕುಳಿತರು. ಆಪಾ ಅಳಲು ಶುರುಮಾಡಿದಳು. ಹತ್ತೂವರೆಗೆ ಸರಿಯಾಗಿ ಫೋನ್ ಬಂತು. ಚಳಿಗಾಲಕ್ಕೆಂದು ಯುರೋಪಿನಲ್ಲಿ ಅಂದು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದರು. "ಸಮಯವನ್ನೂ ಹಿಂದಕ್ಕೆ ತಿರುಗಿಸ್ತಾರಾ ಆ ಜನ?" ಎಂದು ಅಮ್ಮಿ ಬಹಳ ದಿನ ಕೇಳುತ್ತಿದ್ದರು.

ಆದರೆ ಅವಳನ್ನು ನಿಜವಾಗಿ ಕಂಗೆಡಿಸಿದ್ದು ಗಡಿಯಾರವಲ್ಲ, ಒಂದು ಪ್ರಶ್ನೆ. ಸಾಲ ಮತ್ತು ನಂಬಿಕೆಯ ಬಗ್ಗೆ ಒಂದು ಸೆಮಿನಾರ್. ವಾರಕ್ಕೆ ಎರಡೇ ಗಂಟೆ ಕ್ಲಾಸು, ಆದರೆ ಪ್ರತಿ ವಾರ ನೂರು ಪುಟ ಓದಿಕೊಂಡು ಬರಬೇಕು. ತನ್ನ ಸರದಿ ಬಂದಾಗ ಇವಳು ಯಾವ ಪಂಡಿತ ಏನು ಹೇಳಿದ್ದಾನೆ ಎಂಬುದನ್ನು ಅಚ್ಚುಕಟ್ಟಾಗಿ ಒಪ್ಪಿಸಿದಳು. ಪ್ರಾಧ್ಯಾಪಕಿ ಎಲ್ಲ ಕೇಳಿ, "ಇದು ಸರಿ. ನೀವೇನು ಹೇಳುತ್ತೀರಿ?" ಎಂದರಂತೆ. ಹದಿನಾರು ವರ್ಷ ಓದಿದವಳು. ಆ ಪ್ರಶ್ನೆಯನ್ನು ಅವಳಿಗೆ ಯಾರೂ ಕೇಳಿರಲಿಲ್ಲ. ತುಸು ಹೊತ್ತು ಸುಮ್ಮನೆ ನಿಂತು, ಆಮೇಲೆ ನಾನಿಯ ಚೀಟಿಯ ಕತೆ ಹೇಳಿದಳು. ಮೊಹಲ್ಲಾದ ಇಪ್ಪತ್ತು ಹೆಂಗಸರು, ತಿಂಗಳಿಗೊಂದು ಕಂತು, ಕಾಗದವಿಲ್ಲ, ಸಹಿಯಿಲ್ಲ, ಬಡ್ಡಿಯಿಲ್ಲ. ಯಾರ ಮನೆಯಲ್ಲಿ ಕಾಯಿಲೆಯೋ, ಹೆರಿಗೆಯೋ ಅವರಿಗೆ ಆ ತಿಂಗಳ ಚೀಟಿ ಬಿಟ್ಟುಕೊಡುವ ಪದ್ಧತಿ. ಕಂತು ತಪ್ಪಿದವರಿಗೆ ದಂಡವಿಲ್ಲ. ಆದರೆ ಎದುರಿಗೆ ಸಿಕ್ಕಾಗ ಅಮ್ಮಿ ನೋಡುವ ನೋಟವೇ ಸಾಕು. ಅದನ್ನೇ ಬರೆದು ತನ್ನಿ ಎಂದರು ಪ್ರಾಧ್ಯಾಪಕಿ. ಚಳಿಗಾಲವೆಲ್ಲ ಫೋನಿನಲ್ಲಿ ಅಮ್ಮಿಯನ್ನು ಕೇಳಿ ಕೇಳಿ ಇಪ್ಪತ್ತು ಪುಟ ಬರೆದಳು. 1.3 ಬಂದದ್ದು ಆ ಪ್ರಬಂಧಕ್ಕೇ.

ಈದ್‌ಗೆ ನಾಲ್ಕು ದಿನ ಇರುವಾಗ ಊರಿಗೆ ಬಂದಳು. ಹಬ್ಬ ಮುಗಿಸಿ ಕಾಲೇಜಿಗೆ ಹೋದಳು. ಅಂಕಪಟ್ಟಿಯನ್ನು ಕಚೇರಿಯ ಮೇಜಿನ ಮೇಲಿಟ್ಟಾಗ ಎರಡನೆಯ ಪಾಠ ಶುರುವಾಯಿತು. ಮೂರು ವಿಷಯ ಪರವಾಗಿಲ್ಲ, ಎರಡು ಆಗುವುದಿಲ್ಲ ಎಂದರು. ಆಗದ ಎರಡರಲ್ಲಿ ಒಂದು ಆ ಸೆಮಿನಾರ್. "ಈ ಹೆಸರಿನ ಪೇಪರ್ ನಮ್ಮ ಸಿಲಬಸ್‌ನಲ್ಲೇ ಇಲ್ಲಮ್ಮಾ. ವಾರಕ್ಕೆ ಎರಡು ಗಂಟೆ ಕ್ಲಾಸಿಗೆ ಆರು ಕ್ರೆಡಿಟ್ ಹೇಗಾಗುತ್ತೆ?"

ಯುರೋಪಿನ ಲೆಕ್ಕ ಬೇರೆ. ಅಲ್ಲಿ ಒಂದು ಸೆಮಿಸ್ಟರ್‌ಗೆ 30 ಕ್ರೆಡಿಟ್, ಒಂದು ಕ್ರೆಡಿಟ್ ಎಂದರೆ ವಿದ್ಯಾರ್ಥಿಯ 25ರಿಂದ 30 ಗಂಟೆಯ ದುಡಿಮೆ. ಮನೆಯಲ್ಲಿ ಓದಿದ್ದು, ಬರೆದದ್ದು ಎಲ್ಲ ಅದರಲ್ಲಿ ಸೇರುತ್ತದೆ. ನಮ್ಮಲ್ಲಿ ವಾರಕ್ಕೊಂದು ಗಂಟೆಯ ಪಾಠಕ್ಕೆ ಸೆಮಿಸ್ಟರ್‌ಗೆ ಒಂದು ಕ್ರೆಡಿಟ್. ಅಲ್ಲಿ ಎಣಿಸುವುದು ಹುಡುಗಿಯ ಬೆವರನ್ನು, ಇಲ್ಲಿ ಎಣಿಸುವುದು ಮೇಷ್ಟ್ರ ಗಂಟೆಯನ್ನು. ಹೊರಡುವ ಮುನ್ನ ಕಲಿಕೆಯ ಒಪ್ಪಂದಕ್ಕೆ ಸಹಿಯಾಗಿತ್ತು ನಿಜ. ಆದರೆ ಅಲ್ಲಿಗೆ ಹೋದ ಮೇಲೆ ವೇಳಾಪಟ್ಟಿ ಹೊಂದದೆ ಎರಡು ವಿಷಯ ಬದಲಿಸಬೇಕಾಯಿತು. ಬದಲಾದದ್ದಕ್ಕೆ ಒಪ್ಪಿಗೆ ಕೇಳಿ ಬರೆದ ಎರಡು ಇ-ಮೇಲ್‌ಗಳಿಗೆ ಇಲ್ಲಿಂದ ಉತ್ತರವೇ ಹೋಗಿರಲಿಲ್ಲ. ಸಹಿ ಹಾಕಿದ್ದವರು ಅಷ್ಟರಲ್ಲಿ ನಿವೃತ್ತರಾಗಿದ್ದರು. ಎರಡು ಪೇಪರನ್ನು ಜೂನಿಯರ್‌ಗಳ ಜೊತೆ ಕುಳಿತು ಬರೆಯಬೇಕು ಎಂದಾಯಿತು. ಪದವಿ ಆರು ತಿಂಗಳು ಮುಂದಕ್ಕೆ ಹೋಯಿತು. ಕೈಗೆ ಬಂದಿದ್ದ ಒಂದು ಕೆಲಸವೂ ಹೋಯಿತು.

ಆ ದಿನ ಅವಳು ಒಂದು ಮಾತು ಹೇಳಿದಳು. ಹಾಸ್ಟೆಲಿನ ಅಡುಗೆಮನೆಯಲ್ಲಿ ಇಟಲಿಯ ಹುಡುಗಿಯೊಬ್ಬಳು ಹೇಳಿದ ಕತೆಯಂತೆ ಅದು. ರೋಮಿನ ಸೋಫಿಯಾ ಕೊರ್ರಾದಿ ಎಂಬ ಕಾನೂನು ವಿದ್ಯಾರ್ಥಿನಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಸ್ನಾತಕೋತ್ತರ ಪದವಿ ಪಡೆದು 1958ರಲ್ಲಿ ಊರಿಗೆ ಮರಳಿದರು. ಅದನ್ನು ತಮ್ಮ ಓದಿಗೆ ಸೇರಿಸಿಕೊಳ್ಳಿ ಎಂದು ಕೇಳಲು ಹೋದರೆ ಕಚೇರಿಯಲ್ಲಿ ಸಿಕ್ಕಿದ್ದು ಹೀಯಾಳಿಕೆ. ಆ ಅವಮಾನವನ್ನು ಅವರು ಮರೆಯಲಿಲ್ಲ. ಹೊರದೇಶದಲ್ಲಿ ಕಲಿತದ್ದನ್ನು ತವರಿನಲ್ಲಿ ಎಣಿಸಲೇಬೇಕು ಎಂದು 1969ರಿಂದ ಪ್ರಸ್ತಾವ ಹಿಡಿದು ತಿರುಗಿದರು. 1987ರಲ್ಲಿ ಎರಾಸ್ಮಸ್ ಯೋಜನೆ ಶುರುವಾಯಿತು. ಮೊದಲ ವರ್ಷ 11 ದೇಶಗಳ 3,244 ವಿದ್ಯಾರ್ಥಿಗಳು ಗಡಿ ದಾಟಿ ಓದಿದರು. ಇಲ್ಲಿಯವರೆಗೆ ಅದರ ಫಲ ಉಂಡವರು ಒಂದು ಕೋಟಿಗೂ ಹೆಚ್ಚು. ಆ ಕ್ರೆಡಿಟ್ ಪದ್ಧತಿಯೂ ಅದರದೇ ಕೂಸು. "ಅವರಿಗೆ ಹೀಗೇ ಆಗಿತ್ತು ಮಾಮು" ಎಂದಷ್ಟೇ ಹೇಳಿ ಹುಡುಗಿ ಎದ್ದುಹೋದಳು.

ನಮಗೆ ಹಳೆಯದೊಂದು ಗಾಯ ನೆನಪಾಯಿತು. ನಾವು ಒಡಹುಟ್ಟಿದವರೆಲ್ಲ ಏಳನೆಯವರೆಗೆ ಉರ್ದು ಶಾಲೆಯಲ್ಲಿ ಓದಿ ಎಂಟಕ್ಕೆ ಕನ್ನಡ ಶಾಲೆ ಸೇರಿದವರು. ಎರಡೂ ಶಾಲೆಗಳ ನಡುವೆ ಒಂದು ಬೀದಿ, ಒಂದು ಸೈಕಲ್ ಅಂಗಡಿ, ಅಷ್ಟೆ. ಆದರೂ ಬೀದಿ ದಾಟಿದ ದಿನವೇ ಏಳು ವರ್ಷದ ಓದು ಸೊನ್ನೆಯಾಯಿತು. ಮಹಾಪ್ರಾಣ ನಮಗೆ ನೀರು ಕುಡಿದಷ್ಟು ಸಲೀಸು, 'ಳ' ಮಾತ್ರ ನಾಲಿಗೆಗೆ ಹತ್ತುತ್ತಿರಲಿಲ್ಲ. 'ಹಳ್ಳಿ'ಯನ್ನು 'ಹಲ್ಲಿ' ಎಂದು ಓದಿದಾಗ ತರಗತಿ ನಕ್ಕಿತು. "ನಿನ್ನ ಉರ್ದು ಇಲ್ಲಿ ಲೆಕ್ಕಕ್ಕಿಲ್ಲ" ಎಂದರು ಒಬ್ಬರು. ಇನ್ನೊಬ್ಬ ಮೇಷ್ಟ್ರು ಒಂದು ದಿನ, "ನಿಮ್ಮ ಉರ್ದು ಪುಸ್ತಕದಲ್ಲಿ ಕತೆ ಇರಬೇಕಲ್ಲ, ಒಂದನ್ನ ಕನ್ನಡದಲ್ಲಿ ಹೇಳು ನೋಡೋಣ" ಎಂದರು. ಅಂದು ತೊದಲುತ್ತಾ ಹೇಳಿದ ಕತೆಯ ಬಲದಿಂದಲೇ ಇಂದು ನಾವು ಕನ್ನಡದಲ್ಲಿ ನಾಲ್ಕು ಕತೆ ಬರೆಯುತ್ತಿದ್ದೇವೆ. ಹೊರಗಿನಿಂದ ಬಂದವನ ಗಂಟನ್ನು ಬಿಚ್ಚಿ ನೋಡುವ ಮನಸ್ಸು ಒಬ್ಬರಿಗಿದ್ದರೂ ಸಾಕಿತ್ತು.

ಟ್ಯೂಬಿಂಗೆನ್ನಿಗೆ ಆ ಮನಸ್ಸು ಹಿಂದೆಯೇ ಇತ್ತು. ಮೊಗ್ಲಿಂಗರು ಇಲ್ಲಿ ಕನ್ನಡ ಕಾವ್ಯಗಳನ್ನು ಹುಡುಕಿ ಅಚ್ಚು ಹಾಕಿಸಿದ ದುಡಿಮೆಗೆ ಆ ವಿಶ್ವವಿದ್ಯಾಲಯ 1858ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು. ಕಿಟ್ಟೆಲ್ಲರ ನಿಘಂಟಿಗೆ 1896ರಲ್ಲಿ ಅದೇ ಗೌರವ. ಅವರ ಸಿಲಬಸ್‌ನಲ್ಲಿ ಕನ್ನಡ ಎಂಬ ಪೇಪರ್ ಇತ್ತೇ ಎಂದು ಯಾರೂ ಕೇಳಲಿಲ್ಲ. ಕನ್ನಡ ನಾಡಿನ ದುಡಿಮೆ ಟ್ಯೂಬಿಂಗೆನ್ನಿನಲ್ಲಿ ಲೆಕ್ಕಕ್ಕೆ ಬಂತು; ನಮ್ಮ ಅಮ್ಮಿಯ ಚೀಟಿಯೂ ಬಂತು. ಅಲ್ಲಿಂದ ಇಲ್ಲಿಗೆ ಬರುವಾಗ ಅದೇ ಚೀಟಿ ದಾರಿಯಲ್ಲಿ ಕಳೆದುಹೋಯಿತು.

ನಮ್ಮಲ್ಲೂ 2021ರಲ್ಲಿ ಯುಜಿಸಿ ಕ್ರೆಡಿಟ್ ಬ್ಯಾಂಕಿನ ನಿಯಮ ತಂದಿದೆ, ವಿದೇಶೀ ಸಂಸ್ಥೆಗಳೊಡನೆ ಸೇರಿ ಓದಿಸುವ ನಿಯಮ 2022ರಲ್ಲಿ ಬಂದಿದೆ. ನಿಯಮ ಬಂದರೂ ಮೇಜಿನ ಆಚೆ ಕುಳಿತವರು ಕಾಗದವನ್ನು ಓದಬೇಕಲ್ಲ? ಮಕ್ಕಳನ್ನು ಹೀಗೆ ಕಳಿಸುವ ತಂದೆತಾಯಂದಿರಿಗೆ ನಮ್ಮದು ಒಂದೇ ಮಾತು. ಚಟ್ನಿಪುಡಿ ಮರೆತರೂ ಚಿಂತೆಯಿಲ್ಲ. ಯಾವ ವಿಷಯಕ್ಕೆ ಇಲ್ಲಿ ಯಾವ ವಿಷಯ ಸಮ ಎಂಬುದನ್ನು ಬರಹದಲ್ಲಿ ಪಡೆಯಿರಿ. ಅಲ್ಲಿ ಬದಲಾದರೆ ಮತ್ತೆ ಸಹಿ ಮಾಡಿಸಿ, ಉತ್ತರ ಬರುವವರೆಗೆ ಬಿಡಬೇಡಿ.

ಹುಡುಗಿ 2025ರ ಡಿಸೆಂಬರ್‌ನಲ್ಲಿ ಆ ಎರಡು ಪೇಪರ್ ಬರೆದಳು. ಪ್ರಶ್ನೆಪತ್ರಿಕೆಯಲ್ಲಿ "ನೀವೇನು ಹೇಳುತ್ತೀರಿ" ಎಂಬ ಪ್ರಶ್ನೆ ಇರಲಿಲ್ಲವಂತೆ. ಪ್ರಬಂಧದ ಪ್ರತಿ ಅಮ್ಮಿಯ ಪೆಟ್ಟಿಗೆಯಲ್ಲಿದೆ, ಬಳೆಗಳಿದ್ದ ಜಾಗದಲ್ಲಿ. ಅಮ್ಮಿಗೆ ಇಂಗ್ಲಿಷ್ ಬಾರದು. ಆದರೂ ತಿಂಗಳಿಗೊಮ್ಮೆ ಚೀಟಿಗೆ ಸೇರುವ ಹೆಂಗಸರ ಮುಂದೆ ಅದನ್ನು ತೆಗೆದಿಟ್ಟು, "ನೋಡ್ರೀ, ಇದರಲ್ಲಿ ನೀವೆಲ್ಲ ಇದೀರಿ" ಎನ್ನುತ್ತಾರೆ.