ಬಿಕಾಂ ಹುಡುಗಿ, ಕಪ್ಪು ಸ್ಕ್ರೀನು | ಭಾಗ 7: ಫೈಲ್ ಬಂತು, ಕೀ ಎಲ್ಲಿ?

ಬ್ಯಾಂಕ್ ಲಾಕರ್ ತೆಗೆಯೋಕೆ ಎರಡು ಕೀ ಬೇಕು ಅಂತ ಓದಿದ್ದೀವಲ್ಲ? ಒಂದು ಗ್ರಾಹಕರ ಹತ್ರ, ಇನ್ನೊಂದು ಬ್ಯಾಂಕಿನ ಹತ್ರ. ಒಂದೇ ಇದ್ರೆ ಬಾಗಿಲು ತೆರೆಯಲ್ಲ. ಇವತ್ತಿನ ಭಾಗಕ್ಕೆ ಇಷ್ಟು ನೆನಪಿರಲಿ.

ನಾನು ಸಂಜೆ ಪಾರ್ಟ್‌ಟೈಮ್ ಹೋಗೋ ಅಕೌಂಟ್ಸ್ ಆಫೀಸಲ್ಲಿ ಕ್ಲೈಂಟ್‌ಗಳ ಲೆಕ್ಕವೆಲ್ಲ ಒಂದು ವೆಬ್ ಅಪ್ಲಿಕೇಷನ್‌ನಲ್ಲಿದೆ. ಅದು ಓಡೋದು ಮೂಲೆಯಲ್ಲಿರೋ ವಿಂಡೋಸ್ ಸರ್ವರ್‌ನಲ್ಲಿ, ಐಐಎಸ್ ಮೇಲೆ. ಐಐಎಸ್ ಅಂದ್ರೆ ಮೈಕ್ರೋಸಾಫ್ಟ್‌ನ ವೆಬ್ ಸರ್ವರ್. ಹೊಸ ಮೆಷಿನ್ ಬಂತು, ಹಳೇದನ್ನ ಎಕ್ಸ್‌ಚೇಂಜ್‌ಗೆ ಕೊಡೋದು ಅಂತಾಯ್ತು. ರಿಟರ್ನ್ ಹಾಕೋ ಸೀಸನ್ ಬೇರೆ. ಒಂದು ದಿನ ಲೆಕ್ಕ ಓಪನ್ ಆಗ್ಲಿಲ್ಲ ಅಂದ್ರೂ ಫೋನ್ ಮೇಲೆ ಫೋನ್.

"ಸೆಟಿಂಗ್ ಫೈಲ್ ಪೆನ್‌ಡ್ರೈವ್‌ಗೆ ಹಾಕ್ಕೊಂಡ್ರೆ ಸಾಕಲ್ವಾ?" ಅಂದ್ರು ಸಾರ್. ಸರ್ವರ್ ನೋಡ್ಕೊಳ್ಳೋ ಅಣ್ಣ ಅಪ್ಲಿಕೇಷನ್‌ಹೋಸ್ಟ್.ಕಾನ್ಫಿಗ್ ಫೈಲನ್ನ ನೋಟ್‌ಪ್ಯಾಡಲ್ಲಿ ತೆರೆದು ತೋರಿಸಿದ್ರು. ಯಾವ ಸೈಟ್, ಯಾವ ಪೋರ್ಟ್, ಯಾವ ಫೋಲ್ಡರ್ ಎಲ್ಲ ಓದೋಕಾಗುತ್ತೆ. ಪಾಸ್‌ವರ್ಡ್ ಇರೋ ಜಾಗದಲ್ಲಿ ಮಾತ್ರ ಅರ್ಥವೇ ಆಗದ ಅಕ್ಷರಗಳ ಸಾಲು.

"ಇದನ್ನ ಬಿಡಿಸೋ ಕೀ ಈ ಮೆಷಿನ್‌ದು. ಬರೀ ಫೈಲ್ ತಗೊಂಡು ಹೋದ್ರೆ ಹೊಸ ಸರ್ವರ್ ಪಾಸ್‌ವರ್ಡ್ ಓದಲ್ಲ, ಅಪ್ಲಿಕೇಷನ್ ಪೂಲ್ ಏಳಲ್ಲ, 503 ಎರರ್ ಬರುತ್ತೆ" ಅಂದ್ರು ಅಣ್ಣ. ಹಳೇ ಮೆಷಿನ್ ಹೋಯ್ತು ಅಂದ್ರೆ ಕೀನೂ ಹೋಯ್ತು!

ಐಐಎಸ್ 10ರಲ್ಲಿ ಇದಕ್ಕೆ ದಾರಿ ಹೀಗಿದೆ. ಪವರ್‌ಶೆಲ್ಲನ್ನ ಅಡ್ಮಿನಿಸ್ಟ್ರೇಟರ್ ಆಗಿ ತೆರೀಬೇಕು. ಮೊದಲು ರೀಡ್-ಹೋಸ್ಟ್ ಕಮಾಂಡ್, ಜೊತೆಗೆ -ಆ್ಯಸ್‌ಸೆಕ್ಯೂರ್‌ಸ್ಟ್ರಿಂಗ್. ಪಾಸ್‌ವರ್ಡ್ ಟೈಪ್ ಮಾಡಿದ್ರೆ ಬರೀ ನಕ್ಷತ್ರ ಚಿಹ್ನೆ (*) ಕಾಣುತ್ತೆ. ಕಮಾಂಡ್ ಸಾಲಲ್ಲೇ ಬರೆದ್ರೆ ಹಿಸ್ಟರಿ ಫೈಲಲ್ಲಿ ಉಳಿದುಬಿಡಬಹುದು. ಆಮೇಲೆ ಎಕ್ಸ್‌ಪೋರ್ಟ್-ಐಐಎಸ್‌ಕಾನ್ಫಿಗರೇಷನ್. ಯಾವ ಫೋಲ್ಡರ್‌ಗೆ ಹೋಗಬೇಕು, ಯಾವ ಪಾಸ್‌ವರ್ಡಿಂದ ಕೀ ಮುಚ್ಚಬೇಕು ಅಂತ ಹೇಳ್ಬೇಕು. ಫೋಲ್ಡರಲ್ಲಿ ಮೂರು ಫೈಲ್ ಬಂದು ಕೂರುತ್ತೆ: ಎರಡು ಕಾನ್ಫಿಗ್ ಫೈಲ್, ಒಂದು ಕೀ ಫೈಲ್. ಹೊಸ ಮೆಷಿನ್‌ನಲ್ಲಿ ಎನೇಬಲ್-ಐಐಎಸ್‌ಶೇರ್ಡ್‌ಕಾನ್ಫಿಗ್ ಓಡಿಸುವಾಗ ಅದೇ ಪಾಸ್‌ವರ್ಡ್ ಕೊಡಬೇಕು.

ಇದಕ್ಕೂ ಹಿಂದೆ ಆಸ್ಪ್‌ನೆಟ್_ರೆಗ್‌ಐಐಎಸ್ ಅನ್ನೋ ಟೂಲಿಗೆ -ಪಿಎಕ್ಸ್ ಹಾಕಿ ಕೀ ತೆಗೀತಿದ್ರು. ಜೊತೆಗೆ -ಪ್ರೈ ಹಾಕದಿದ್ರೆ ಪ್ರೈವೇಟ್ ಕೀ ಬರಲ್ಲ. ಹಾಕಿದ್ರೆ ಬರೋ ಎಕ್ಸ್‌ಎಂಎಲ್ ಫೈಲಿಗೆ ಪಾಸ್‌ವರ್ಡೇ ಇಲ್ಲ, ಯಾರ ಕೈಗೆ ಸಿಕ್ಕಿದ್ರೂ ಅವರದ್ದೇ.

ಈ ಎಕ್ಸ್‌ಪೋರ್ಟಲ್ಲಿ ಬರದೇ ಇರೋದೂ ಇದೆ. ಸೈಟಿನ ಫೋಲ್ಡರ್ ಬರಲ್ಲ, ಬೇರೆ ಕಾಪಿ ಮಾಡ್ಬೇಕು. ಎಚ್‌ಟಿಟಿಪಿಎಸ್ ಸರ್ಟಿಫಿಕೇಟೂ ಬರಲ್ಲ. ಅದನ್ನ ಪಿಎಫ್‌ಎಕ್ಸ್ ಫೈಲಾಗಿ ಬೇರೆ ತೆಗೀಬೇಕು, ಅದೂ ಅದರ ಕೀ ಎಕ್ಸ್‌ಪೋರ್ಟ್ ಮಾಡೋಕೆ ಅನುಮತಿ ಇದ್ರೆ ಮಾತ್ರ.

ಎಲ್ಲ ಆದ್ಮೇಲೆ ಸಾರ್, "ಆ ಪಾಸ್‌ವರ್ಡನ್ನ ಆಫೀಸ್ ಗ್ರೂಪಿಗೆ ವಾಟ್ಸಾಪ್ ಮಾಡಿಬಿಡಪ್ಪ, ಪೆನ್‌ಡ್ರೈವ್ ಇಲ್ಲೇ ಡ್ರಾಯರಲ್ಲಿರಲಿ" ಅಂದ್ರು. ನಾನು ಆಫೀಸಲ್ಲಿ ಎಲ್ರಿಗಿಂತ ಚಿಕ್ಕವಳು, ಎದುರು ಮಾತಾಡೋದು ಕಡಿಮೆ. ಆದ್ರೂ ಕೇಳಿದೆ: "ಸಾರ್, ಕ್ಯಾಶ್ ಇಟ್ಕೊಂಡಿರೋರೇ ಕ್ಯಾಶ್ ಬುಕ್ ಬರೀಬಾರದು ಅಂತ ನೀವೇ ಹೇಳ್ತೀರಲ್ಲ?" ಸಾರ್ ಒಂದು ನಿಮಿಷ ಸುಮ್ಮನಿದ್ರು. ಅಣ್ಣ ನಕ್ಕರು.

ಆದ್ರೆ ಪಾಸ್‌ವರ್ಡ್ ಅಣ್ಣನ ತಲೆಯಲ್ಲಿ ಮಾತ್ರ ಇರೋದೂ ಸರಿಯಲ್ಲ. ನಾಳೆ ಅವರಿಗೆ ಬೇರೆ ಕಡೆ ಕೆಲಸ ಸಿಕ್ರೆ? ಕೊನೆಗೆ ಪೆನ್‌ಡ್ರೈವ್ ಆಫೀಸ್ ಬೀರುವಿಗೆ ಹೋಯ್ತು. ಪಾಸ್‌ವರ್ಡ್ ಬರೆದ ಚೀಟಿ ಲಕೋಟೆಯಲ್ಲಿ, ಅಂಟಿಸಿದ ಕಡೆ ಇಬ್ಬರ ಸಹಿಯೊಂದಿಗೆ, ಸಾರ್ ಮನೆಗೆ. ಹಳೇ ಸರ್ವರಿನ ಕೇಬಲ್ ಎಳೆದು, ಹೊಸದರಲ್ಲಿ ಲೆಕ್ಕ ತೆರೆಯುತ್ತಾ ಅಂತ ನೋಡಿದ್ವಿ. ತೆರೀತು. ಹಳೇ ಡಿಸ್ಕ್ ಪೂರ್ತಿ ಅಳಿಸಿದ ಮೇಲೇನೇ ಮೆಷಿನ್ ಕೊಟ್ಟಿದ್ದು.

ನಿಮ್ಮ ಮನೆ ಅಂಗಡಿಯಲ್ಲೋ ಇಂಟರ್ನ್‌ಶಿಪ್ ಆಫೀಸಲ್ಲೋ "ಬ್ಯಾಕಪ್ ಇದೆ" ಅಂತ ಯಾರಾದ್ರೂ ಅಂದ್ರೆ ಮೂರು ಪ್ರಶ್ನೆ ಕೇಳಿ. ಕೀ ಇದೆಯಾ? ಅದರ ಪಾಸ್‌ವರ್ಡ್ ಬೇರೆ ಜಾಗದಲ್ಲಿದೆಯಾ? ಬೇರೆ ಮೆಷಿನ್‌ನಲ್ಲಿ ತೆರೆದು ನೋಡಿದ್ದೀರಾ? ಉತ್ತರ ಏನು ಬಂತು ಅಂತ ಕಾಮೆಂಟಲ್ಲಿ ಹೇಳಿ. ಪಾಸ್‌ವರ್ಡ್ ಮಾತ್ರ ಹಾಕ್ಬೇಡಿ ಮಾರಾಯ್ರೆ!

ಭಾಗ 8ರಲ್ಲಿ ಪಿಎಫ್‌ಎಕ್ಸ್ ಕಥೆ.

#ಬಿಕಾಂಹುಡುಗಿ #ಕಪ್ಪುಸ್ಕ್ರೀನು #ಕನ್ನಡದಲ್ಲಿಟೆಕ್