ನೀರಿನ ಪಾತ್ರೆ, ನೆಲದ ಗುಣ

ನಮ್ಮ ತಮ್ಮನ ಮಗನು ಹುಬ್ಬಳ್ಳಿಯಿಂದ ನವಲಗುಂದಕ್ಕೆ ಹೋಗುವ ದಾರಿಯಲ್ಲಿ ಮನೆ ಕಟ್ಟಿಸುತ್ತಿದ್ದಾನೆ. ಹಿತ್ತಿಲಲ್ಲಿ ಮಕ್ಕಳಿಗಾಗಿ ಚಿಕ್ಕದೊಂದು ಈಜುಕೊಳ ಆಗಬೇಕೆಂಬುದು ಅವನ ಬಯಕೆ. “ಕಾಕಾ, ಕಾಂಕ್ರೀಟಿನಾಗ ಕಟ್ಟಿಸಲೋ, ಫೈಬರ್‌ಗ್ಲಾಸಿನ ತೊಟ್ಟಿ ತಂದು ಕೂಡಿಸಲೋ?” ಎಂದು ಅವನು ಕೇಳಿದಾಗ ನಮಗೆ ನಗು ಬಂದಿತು. ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿದವರಿಗೆ ಈ ವಿಚಾರವೇನು ತಿಳಿದೀತು?

ಆದರೆ ಮರುಕ್ಷಣವೇ ಆ ನಗು ಅಡಗಿತು. ನಾವು ಹನ್ನೆರಡು ವರ್ಷದವರಿದ್ದಾಗ ಮಠದ ಹಿಂದಿನ ಬಾವಿಯಲ್ಲಿ ಸಹಪಾಠಿಯೊಬ್ಬನು ನೀರುಪಾಲಾದನು. ಕೊಡ ತುಂಬಲು ಇಳಿದವನು ಪಾವಟಿಗೆಯ ಪಾಚಿಗೆ ಕಾಲು ಜಾರಿ ಬಿದ್ದಿದ್ದನು. ದಂಡೆಯ ಮೇಲೆ ಆರು ಜನ ಇದ್ದೆವು. ಒಬ್ಬರಿಗೂ ಈಜು ಬರುತ್ತಿರಲಿಲ್ಲ. ಮಕ್ಕಳು ಈಜು ಕಲಿಯಲೆಂದು ಕೊಳ ಬೇಡುವವನಿಗೆ ‘ಇದು ಭೋಗ’ ಎಂದು ಹೇಳುವ ಬಾಯಿ ನಮಗಿಲ್ಲ.

“ಕಾಂಕ್ರೀಟೇ ಇರಲಿ” ಎಂದೆವು. ಸೊನ್ನಲಿಗೆಯ ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದ ಪುಣ್ಯಕಥೆಯನ್ನು ಕೇಳಿ, ಲಕ್ಕುಂಡಿಯ ಮುಸುಕಿನ ಬಾವಿಯ ಕಲ್ಲಿನ ಮೆಟ್ಟಿಲುಗಳನ್ನು ಕಂಡು ಬೆಳೆದ ನಮಗೆ, ನೀರು ನಿಲ್ಲುವ ಸ್ಥಾನವೆಂದರೆ ಗಟ್ಟಿಯಾದುದೇ ಆಗಿರಬೇಕೆಂಬ ಭಾವನೆ. ಅಲ್ಲಿಯೇ ಕೆಲಸ ಮಾಡುತ್ತಿದ್ದ ಮುದುಕ ಗೌಂಡಿಯು ಪಕ್ಕದ ಮನೆಯ ಬಿರಿದ ಗೋಡೆಯನ್ನು ತೋರಿಸಿ, “ಶಾಸ್ತ್ರಿಗಳ, ಎರಿ ಮಣ್ಣು ಸುಮ್ಮನ ಕೂಡಂಗಿಲ್ರಿ. ಬ್ಯಾಸಿಗ್ಯಾಗ ಬಾಯಿ ಬಿಡತೈತಿ, ಮಳಿಗಾಲದಾಗ ಉಬ್ಬತೈತಿ” ಎಂದನು. ನಮ್ಮ ಪಾಂಡಿತ್ಯವು ಕಾಣದುದನ್ನು ಅವನ ಕಾಯಕವು ಕಂಡಿತ್ತು.

ಬಳಿಕ ತಿಳಿದವರೊಡನೆ ಕುಳಿತು ವಿಚಾರಿಸಿದೆವು. ಕಾಂಕ್ರೀಟಿನ ಕೊಳವನ್ನು ಬೇಕಾದ ಆಕಾರದಲ್ಲಿ, ಬೇಕಾದ ಅಳತೆಯಲ್ಲಿ ಕಟ್ಟಬಹುದು. ಗಟ್ಟಿ ಮೊರಂ ನೆಲದಲ್ಲಿ ಸರಿಯಾಗಿ ಕಬ್ಬಿಣ ಕಟ್ಟಿ ಮಾಡಿದರೆ ಅದು ಬಹುಕಾಲ ಬಾಳುತ್ತದೆ. ಆದರೆ ಕಾಂಕ್ರೀಟು ನಿಗದಿಯಾದ ಬಲಕ್ಕೆ ಬರಲು 28 ದಿನಗಳೆಂದು ಲೆಕ್ಕ. ಆಮೇಲೆ ನೀರು ಜಿನುಗದಂತೆ ಲೇಪನ ಮಾಡಬೇಕು. ಬರಿಯ ಗಿಲಾವಿನ ಮೈ ಒರಟಾದುದರಿಂದ ಪಾಚಿ ಬೇಗ ಹಿಡಿಯುತ್ತದೆ. ಎರೆ ನೆಲದಲ್ಲಾದರೆ ಮಣ್ಣನ್ನು ಆಳದವರೆಗೆ ತೆಗೆದು ಬೇರೆ ಮಣ್ಣು ತುಂಬುವ ಖರ್ಚೂ ಸೇರುತ್ತದೆ.

ಫೈಬರ್‌ಗ್ಲಾಸ್ ಎಂದರೆ ಗಾಜಿನ ಎಳೆಗಳನ್ನು ರಾಳದಲ್ಲಿ ಪದರಪದರವಾಗಿ ಕೂಡಿಸಿದ ತೊಟ್ಟಿ. ನೆಲ ಸ್ವಲ್ಪ ಅಲುಗಿದರೆ ತಾನೂ ಬಾಗಿಕೊಡುತ್ತದೆ. ಮೈ ನುಣುಪಾದುದರಿಂದ ಪಾಚಿಗೆ ಹಿಡಿತ ಕಡಿಮೆ. ಆದರೆ ಅದು ಅಖಂಡವಾಗಿ ಲಾರಿಯಲ್ಲಿ ಬರಬೇಕು; ದಾರಿಯ ಅಗಲವೇ ಅದರ ಅಗಲಕ್ಕೆ ಮಿತಿ. ಸುತ್ತಲೂ ಎರೆ ಮಣ್ಣು ತಾಗದಂತೆ ಜಲ್ಲಿ ತುಂಬಬೇಕು. ಮಳೆಗಾಲದಲ್ಲಿ ಬರಿದು ಮಾಡಿದರೆ ಕೆಳಗಿನ ನೀರು ತೊಟ್ಟಿಯನ್ನೇ ಮೇಲಕ್ಕೆತ್ತೀತು.

ಗುಂಡಿ ತೋಡಿಸಿ ನೋಡಿದಾಗ ಎಂಟು ಅಡಿಯವರೆಗೂ ಎರೆಯೇ ಬಂದಿತು. ಹಿಂದಿನ ಆವರಣದ ಗೋಡೆ ಇನ್ನೂ ಎದ್ದಿಲ್ಲವಾದುದರಿಂದ ಕ್ರೇನು ಒಳಬರಲು ಅಡ್ಡಿಯಿಲ್ಲ. ಫೈಬರ್‌ಗ್ಲಾಸೇ ನಿಶ್ಚಯವಾಯಿತು. ನಮ್ಮ ಮಾತು ಬಿದ್ದುಹೋದುದಕ್ಕೆ ನಮಗೆ ಸಂಕೋಚವಿಲ್ಲ.

ಎರಡು ಮಾತನ್ನು ಮಾತ್ರ ನಾವು ಹಿಡಿದು ಹೇಳಿದೆವು. ಇಪ್ಪತ್ತು ಅಡಿ ಉದ್ದ, ಹತ್ತು ಅಡಿ ಅಗಲ, ನಾಲ್ಕು ಅಡಿ ಆಳದ ಕೊಳಕ್ಕೆ ಸುಮಾರು 22,600 ಲೀಟರು ನೀರು ಬೇಕು. ಬರ ಕಂಡ ನಾಡಿನಲ್ಲಿ ಅದನ್ನು ಶೋಧಿಸಿ ಮತ್ತೆ ಮತ್ತೆ ಬಳಸಬೇಕು, ಬಿಸಿಲಿಗೆ ಆರಿಹೋಗದಂತೆ ಮುಚ್ಚಿಡಬೇಕು. ಎರಡನೆಯದು, ಕೊಳದ ಸುತ್ತ ಎಳೆಯರು ಹತ್ತಲಾಗದ ಬೇಲಿ, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು; ಮಕ್ಕಳು ನೀರಿನಲ್ಲಿರುವಷ್ಟು ಹೊತ್ತು ಈಜು ಬಲ್ಲ ಹಿರಿಯರೊಬ್ಬರು ದಂಡೆಯ ಮೇಲೆ.

“ಆ ಹಿರಿಯರು ನೀವಽ ಆಗ್ರಿ, ಕಾಕಾ” ಎಂದು ಅವನು ನಕ್ಕನು. ನಮಗೆ ಇಂದಿಗೂ ಈಜು ಬಾರದು. ಕೊಳ ಸಿದ್ಧವಾದ ಮೇಲೆ ಮೊದಲ ವಿದ್ಯಾರ್ಥಿಗಳು ನಾವೇ ಆಗುವೆವೆಂದು ಮಾತು ಕೊಟ್ಟು ಬಂದಿದ್ದೇವೆ.